ಹತ್ತೂ ಬೆರಳು ಸರಿಯಾಗಿದ್ದವು

ನಮ್ಮ ಅವ್ವ ಹಿಮವನ್ನು ಕಂಡವಳಲ್ಲ. ನಾನೂ ಕಂಡವಳಲ್ಲ, ಈಗಲೂ. ಸಾಗರದ ಪೇಟೆಯಲ್ಲಿ ಮರದ ಹೊಟ್ಟು ಮುಚ್ಚಿ, ಗೋಣಿ ಸುತ್ತಿ ಇಡುತ್ತಿದ್ದ ಐಸಿನ ಗಡ್ಡೆಯೇ ನಮ್ಮ ಕೇರಿಯವರಿಗೆ ಗೊತ್ತಿದ್ದ ಅತಿ ತಣ್ಣನೆಯ ವಸ್ತು. ಹಾಗಾಗಿ ಹಿಮಾಲಯದಲ್ಲಿ ಬೆಟ್ಟದ ಮೇಲಿಂದ ಹಿಮ ಕುಸಿದು ನಮ್ಮಣ್ಣ ಅದರಡಿ ಸಿಕ್ಕಿದ್ದಾನೆಂದು ತಂತಿ ಬಂದಾಗ ನಮ್ಮಲ್ಲಿ ಯಾರೂ ಅಳಲಿಲ್ಲ. ಅಳುವುದಕ್ಕೆ ಮೊದಲು ಅದು ಎಂಥದು ಎಂದು ತಿಳಿಯಬೇಕಲ್ಲ.

ತಂತಿ ತಂದವರು ಶಾಲೆಯ ಮೇಷ್ಟ್ರು. ಊರಿನ ಅಂಚೆಯನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಅಂಗಳದಲ್ಲಿ ನಿಂತೇ ಓದಿ, ಅರ್ಥ ಹೇಳಿದರು. “ಅಗೀತಾ ಇದಾರಂತೆ. ಇನ್ನೂ ಸಿಕ್ಕಿಲ್ವಂತೆ.”

“ಬಿದ್ದು ಎರಡು ದಿನ ಆಯ್ತು ಅಂತೀರಿ. ಎರಡು ದಿನದಿಂದ ಎಂತ ಅಗೀತಾ ಇದಾರೆ ಅವ್ರು?” ಎಂದು ಅವ್ವ ಕೇಳಿದಳು. ಕೋಪದಿಂದಲೇ ಕೇಳಿದಳು.

ಅವಳ ಕೋಪಕ್ಕೆ ಅರ್ಥವಿತ್ತು. ನಮ್ಮ ಸೀಮೆಯಲ್ಲಿ ಪ್ರತಿ ಮಳೆಗಾಲಕ್ಕೂ ಎಲ್ಲಾದರೂ ಒಂದು ಕಡೆ ಧರೆ ಕುಸಿಯುತ್ತದೆ. ಕೂ ಹಾಕಿದರೆ ಎಂಟು ಜನ ಹಾರೆ, ಗುದ್ದಲಿ ಹಿಡಿದು ಓಡಿ ಬರುತ್ತಾರೆ. ಸಂಜೆಯೊಳಗೆ ಮನುಷ್ಯನನ್ನು ಹೊರಗೆ ತೆಗೆಯುತ್ತಾರೆ, ಜೀವಂತವಾಗಿಯೋ ಹೆಣವಾಗಿಯೋ. ಮಣ್ಣಿಗಿಂತ ಹಗುರದ ಹಿಮವನ್ನು ಎರಡು ದಿನ ಅಗೆದೂ ಒಬ್ಬ ಆಳು ಸಿಗಲಿಲ್ಲ ಎಂದರೆ ಅಗೆಯುವವರು ಕಳ್ಳಬೀಳುತ್ತಿದ್ದಾರೆ ಎಂದೇ ನಮ್ಮ ಲೆಕ್ಕ. ಕೇರಿಯ ಗಂಡಸರು ಆ ದಿನ ನಮ್ಮ ಅಂಗಳದಲ್ಲಿ ಕೂತು, ನಾಲ್ಕು ಜನರನ್ನು ಹಾರೆ ಸಮೇತ ಕಳಿಸುವ ಮಾತಾಡಿದ್ದು ನಿಜ. ತಾಳಗುಪ್ಪದಲ್ಲಿ ರೈಲು ಹತ್ತಿದರೆ ಅಲ್ಲಿಗೆ ಎಷ್ಟು ದಿನ ಎಂದು ಒಬ್ಬರು ಮೇಷ್ಟ್ರನ್ನು ಕೇಳಿದರು. ವಾರದ ಮೇಲಾಗುತ್ತದೆ ಎಂದು ತಿಳಿದಾಗ, “ಅಷ್ಟೊತ್ತಿಗೆ ಅವ್ರೇ ತೆಗ್ದಿರ್ತಾರೆ ಬಿಡಿ” ಎಂದು ಎಲೆ ಅಡಿಕೆ ಉಗಿದು ಎದ್ದರು.

ಕೇರಿಯ ಆ ಗಂಡಸರ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು. ಮುಂದೆ ಓದಿ ತಿಳಿದದ್ದೆಂದರೆ, ಹಿಮದಡಿ ಸಿಕ್ಕಿದವನಿಗೆ ಇರುವುದು ಹೆಚ್ಚೆಂದರೆ ಕಾಲು ಗಂಟೆ. ಅಷ್ಟರೊಳಗೆ ತೆಗೆದರೆ ಉಂಟು, ಇಲ್ಲವಾದರೆ ಅವನ ಉಸಿರೇ ಅವನ ಮುಖದ ಸುತ್ತ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಮೇಲಿಂದ ಬೀಳುವಾಗ ಹತ್ತಿಯಂತಿದ್ದದ್ದು ನಿಂತ ಕೂಡಲೇ ಗಾರೆಯಂತೆ ಬಿಗಿಯುತ್ತದಂತೆ. ನಮ್ಮ ಮನೆಯಲ್ಲಿ ಅವನಿಗಾಗಿ ವರ್ಷಗಟ್ಟಲೆ ಕಾದರು. ಅವನಿಗಿದ್ದದ್ದು ಕಾಲು ಗಂಟೆ.

ನಾವು ಮುಳುಗಡೆಯವರು. ಅರವತ್ತರ ದಶಕದ ಮೊದಲಲ್ಲಿ ಶರಾವತಿಗೆ ಅಣೆಕಟ್ಟು ಕಟ್ಟಿ ನಮ್ಮ ಗದ್ದೆ, ಮನೆ, ಭೂತದ ಬನ ಎಲ್ಲ ನೀರಿಗೆ ಹೋಗುವುದು ಖಾತ್ರಿಯಾದಾಗ, ನಮ್ಮನ್ನು ಲಾರಿಯಲ್ಲಿ ತುಂಬಿ ಹೊಸನಗರದ ಕಡೆಯ ಒಂದು ಕಾಡಿನ ಅಂಚಿಗೆ ತಂದು ಇಳಿಸಿದರು. ಅಪ್ಪ ಆಗಲೇ ತೀರಿಕೊಂಡಿದ್ದ. ಲಾರಿಯಿಂದ ಇಳಿಯುವಾಗ ಬಿದ್ದು ಅವ್ವ ಸೊಂಟ ಮುರಿದುಕೊಂಡಳು. ಮತ್ತೆ ನೆಟ್ಟಗೆ ನಡೆಯಲಿಲ್ಲ. ಅಣ್ಣ ಮಾಡಿದ್ದು ಇನ್ನೂ ಚೆಂದ. ನಮ್ಮನ್ನು ಎಬ್ಬಿಸಿದ ಅಣೆಕಟ್ಟಿನಲ್ಲೇ ಕೂಲಿಗೆ ಸೇರಿ, ಬಂಡೆಗೆ ತೂತು ಕೊರೆಯುವ ಮಿಷನ್ನು ಹಿಡಿಯಲು ಕಲಿತ. ಅಲ್ಲಿ ಕೆಲಸ ಮುಗಿಯುತ್ತ ಬಂದಾಗ ಒಬ್ಬ ಗುತ್ತಿಗೆದಾರ ಕೊರೆಯುವ ಕೆಲಸ ಬಲ್ಲವರನ್ನೆಲ್ಲ ಆರಿಸಿ, ಹಿಮಾಲಯದಲ್ಲಿ ರಸ್ತೆ ಮಾಡಲು ಕರೆದುಕೊಂಡು ಹೋದ. ಚೀನಾದ ಯುದ್ಧ ಮುಗಿದಿತ್ತು, ಅಲ್ಲಿ ಎಲ್ಲರಿಗೂ ರಸ್ತೆಯ ಅವಸರ. ಅಣ್ಣನಿಗೆ ಮದುವೆಯಾಗಿ ಎಂಟು ತಿಂಗಳಾಗಿತ್ತು. ಅತ್ತಿಗೆಗೆ ಇಪ್ಪತ್ತು ವರ್ಷ, ನನಗೆ ಹದಿನಾಲ್ಕು.

ಅತ್ತಿಗೆಯ ಬಗ್ಗೆ ಹೇಳಬೇಕು. ಅಕ್ಷರ ಬಾರದವಳು, ಆದರೆ ಬಾಯಿ ಜೋರು. ಉಪ್ಪಾಗೆ ಮರವನ್ನು ಗಂಡಸರಿಗಿಂತ ಸಲೀಸಾಗಿ ಹತ್ತುತ್ತಿದ್ದಳು. ನಾನು ಹೊಸನಗರದ ಹೈಸ್ಕೂಲಿಗೆ ಹೋಗುತ್ತಿದ್ದೆನೆಂದು ನನ್ನನ್ನು ‘ಬ್ಯಾರಿಸ್ಟ್ರಮ್ಮ’ ಎನ್ನುತ್ತಿದ್ದಳು. “ಬ್ಯಾರಿಸ್ಟ್ರಮ್ಮನವ್ರು ಗಂಜಿ ಉಂಡ್ರಾ? ಕೋರ್ಟಿಗೆ ಹೊತ್ತಾಯ್ತು” ಎಂದು ಬುತ್ತಿ ಕಟ್ಟಿ ಕೈಗೆ ಕೊಡುತ್ತಿದ್ದಳು. ನಾನು ಹೋದ ಮೇಲೆ ಹಾಲು ಕರೆಯುವುದು, ಹುಲ್ಲು ಕೊಯ್ಯುವುದು, ಹೊಸದಾಗಿ ಕಡಿದ ಗದ್ದೆಯ ಬೇರು ಕೀಳುವುದು, ಅವ್ವನನ್ನು ಎತ್ತಿ ಕೂರಿಸಿ ಮೀಸುವುದು ಎಲ್ಲ ಅವಳದೇ. ಆ ಕೆಲಸದಲ್ಲಿ ನನ್ನ ಪಾಲೆಷ್ಟು ಎಂದು ಅವಳು ಯಾವತ್ತೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ತಂತಿ ಬಂದ ವರ್ಷದ ಆಷಾಢದಲ್ಲಿ ಅಣ್ಣನ ಜೊತೆ ಹೋಗಿದ್ದ ತೀರ್ಥಹಳ್ಳಿ ಕಡೆಯ ಒಬ್ಬ ಕೆಲಸಗಾರ ನಮ್ಮನ್ನು ಹುಡುಕಿಕೊಂಡು ಬಂದ. ಚಳಿಗೆ ಅವನ ಕಾಲಿನ ಬೆರಳುಗಳು ಕೊಳೆತು, ಕತ್ತರಿಸಿ ಕಳಿಸಿಬಿಟ್ಟಿದ್ದರು. ನಡೆದದ್ದನ್ನು ನಮಗೆ ಸರಿಯಾಗಿ ಹೇಳಿದವನು ಅವನೊಬ್ಬನೇ. ಅಲ್ಲಿಯ ಹಳ್ಳಿಯ ಮೇಲ್ಗಡೆ ಇಳಿಜಾರಿನಲ್ಲಿ ಒಂದು ದೇವದಾರು ಕಾಡಿತ್ತಂತೆ. ಅದರಲ್ಲಿ ಯಾರೂ ಒಂದು ಕಡ್ಡಿ ಮುರಿಯುತ್ತಿರಲಿಲ್ಲವಂತೆ. ಮುತ್ತಜ್ಜನ ಕಾಲದಲ್ಲಿ ಒಮ್ಮೆ ಮೇಲಿಂದ ಹಿಮ ಬಂದು ಇಡೀ ಊರು ಹೂತುಹೋಗಿತ್ತು, ಆಮೇಲೆ ಹಿರಿಯರು ಆ ಮರಗಳನ್ನು ದೇವರಿಗೆ ಬಿಟ್ಟರು ಎಂದು ಅಲ್ಲಿಯ ಮುದುಕರು ಹೇಳಿದರಂತೆ. ಸದ್ದಿಗೆ ಹಿಮ ಜಾರೀತೆಂದು, ಬಿಸಿಲು ಏರಿದ ಮೇಲೆ ಆ ಇಳಿಜಾರಿನ ಕೆಳಗೆ ಅವರು ಕತ್ತೆಗೂ ಗಂಟೆ ಕಟ್ಟುತ್ತಿರಲಿಲ್ಲವಂತೆ.

“ಡಾಂಬರು ಕಾಯ್ಸಕ್ಕೆ ಸೌದೆ ಬೇಕಿತ್ತು. ಗುತ್ತಿಗೆದಾರ ಕಡೀರಿ ಅಂದ, ಕಡಿದ್ವಿ” ಎಂದ ಅವನು. “ನಿಮ್ಮಗ ಒಬ್ಬ ಬ್ಯಾಡ ಅಂದ. ನಮ್ಮೂರಲ್ಲೂ ಬನ ಇತ್ತು, ಅಂಥದ್ನ ಕಡೀಬಾರ್ದು ಅಂದ. ಆಮೇಲೆ ಅವನೂ ಕಡಿದ.”

ಹಿಮ ಕುಸಿಯುವುದು ದೇವರ ಕೋಪ ಎಂದು ಬರೆಯುವವರಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಯುರೋಪಿನ ಬೆಟ್ಟದ ಊರುಗಳಲ್ಲೂ ಜಾರುವ ಹಿಮವನ್ನು ತಡೆಯಲೆಂದು ಇಂಥದೇ ಕಾಡು ಉಳಿಸಿಕೊಂಡಿದ್ದರೆಂದೂ, ಕಡಿದವರಿಗೆ ಹಿಂದಿನಿಂದಲೂ ಶಿಕ್ಷೆಯಿತ್ತೆಂದೂ ನಾನು ಎಷ್ಟೋ ವರ್ಷಗಳ ಮೇಲೆ ಓದಿದೆ. ಮೊದಲ ಮಹಾಯುದ್ಧದಲ್ಲಿ ಆಲ್ಪ್ಸ್ ಬೆಟ್ಟಗಳಲ್ಲಿ ಸೈನಿಕರು ಇಳಿಜಾರಿನ ಹಿಮಕ್ಕೇ ಫಿರಂಗಿ ಹೊಡೆದು, ಕೆಳಗಿದ್ದ ಶತ್ರುಗಳ ಮೇಲೆ ಅದನ್ನು ಕೆಡವುತ್ತಿದ್ದರೆಂದೂ ಓದಿದೆ. ಮನುಷ್ಯನಿಗೆ ಏನು ಸಿಕ್ಕಿದರೂ ಇನ್ನೊಬ್ಬನ ತಲೆಯ ಮೇಲೆ ಹಾಕುವ ದಾರಿ ಹೊಳೆಯುತ್ತದೆ. ನಮ್ಮ ಬನವನ್ನು ನೀರಿಗೆ ಕೊಟ್ಟು ಬಂದ ಅಣ್ಣ ಬೇರೆಯವರ ಬನಕ್ಕೆ ಕೊಡಲಿ ಹಾಕಿದ. ಅವನನ್ನು ನೆನೆದರೆ ನನಗೆ ಅಳು ಬರುತ್ತದೆ, ಅದರ ಜೊತೆಗೇ ಸಿಟ್ಟೂ ಬರುತ್ತದೆ.

ಹೊರಡುವಾಗ ಆ ಕೆಲಸಗಾರ ಅವ್ವನ ಸಮಾಧಾನಕ್ಕೆಂದು ಒಂದು ಮಾತು ಆಡಿದ. “ಅಲ್ಲಿ ಹೆಣ ಕೊಳಿಯಲ್ಲ ಅಮ್ಮ. ಹ್ಯಾಂಗಿದ್ನೋ ಹಾಂಗೇ ಇರ್ತಾನೆ. ಹತ್ತು ವರ್ಷ ಬಿಟ್ಟು ತೆಗೆದ್ರೂ ಈಗ ಮಲಗಿದಾನೆ ಅನ್ನಂಗೆ ಇರ್ತಾನೆ.”

ಒಳ್ಳೆಯ ಮನಸ್ಸಿನಿಂದ ಆಡಿದ ಆ ಮಾತು ನಮ್ಮ ಮನೆಗೆ ಮಾಡಿದ ಕೇಡನ್ನು ಶತ್ರುವೂ ಮಾಡಲಾರ. ನಮ್ಮವರ ಲೆಕ್ಕದಲ್ಲಿ ಉಸಿರು ನಿಂತ ಮಾತ್ರಕ್ಕೆ ಸಾವು ಮುಗಿಯುವುದಿಲ್ಲ. ಮೈ ಮಣ್ಣಾಗಬೇಕು, ಇಲ್ಲ ಬೂದಿಯಾಗಬೇಕು. ಆಮೇಲೇ ಬೊಜ್ಜದ ಉತ್ತರಕ್ರಿಯೆ, ಆಮೇಲೇ ಅವನು ಹಿರಿಯರ ಸಾಲಿಗೆ ಸೇರುವುದು. “ಹ್ಯಾಂಗಿದ್ನೋ ಹಾಂಗೇ ಇರೋನಿಗೆ ಬೊಜ್ಜ ಮಾಡದು ಹ್ಯಾಂಗೆ?” ಎಂದು ಅವ್ವ ಪಟ್ಟು ಹಿಡಿದಳು. ಕೇರಿಯ ಹಿರಿಯರು ತೀರ್ಮಾನ ಹೇಳಿದರು. ಹೆಣ ಸಿಗದವನಿಗೆ ಹನ್ನೆರಡು ವರ್ಷ ಕಾಯಬೇಕು. ನಡುವೆ ಸತ್ತದ್ದು ಹೌದು ಎಂದು ಸರಕಾರದ ಕಾಗದ ಬಂದರೆ, ಹುಲ್ಲಿನ ಗೊಂಬೆ ಮಾಡಿ ಸುಟ್ಟು ಬೊಜ್ಜ ಮುಗಿಸಬಹುದು.

ಇದರಲ್ಲಿ ಸಿಕ್ಕಿಬಿದ್ದವಳು ಅತ್ತಿಗೆ. ನಮ್ಮಲ್ಲಿ ಗಂಡ ಸತ್ತ ಹೆಂಗಸಿಗೆ ಉಡಿಕೆಯ ದಾರಿಯುಂಟು. ನಾಲ್ಕು ಜನ ಹಿರಿಯರೆದುರು ಇನ್ನೊಬ್ಬ ಸೀರೆ ಕೊಟ್ಟು ಕರೆದುಕೊಂಡು ಹೋದರೆ ಅದು ಮದುವೆಯೇ. ವಾದ್ಯವಿಲ್ಲ, ಧಾರೆಯಿಲ್ಲ, ಅಷ್ಟೇ ವ್ಯತ್ಯಾಸ. ಆದರೆ ಮೊದಲಿನವನ ಬೊಜ್ಜ ಮುಗಿದಿರಬೇಕು. ಬ್ಯಾಕೋಡಿನ ಕಡೆ ಹಿನ್ನೀರಿನಲ್ಲಿ ದೋಣಿ ನಡೆಸುವ ಒಬ್ಬ ಅತ್ತಿಗೆಯ ಅಣ್ಣನ ಮೂಲಕ ಕೇಳಿ ಕಳಿಸಿದ್ದ. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದವನು, ಒಳ್ಳೆಯವನೆಂದು ಹೆಸರಿತ್ತು. ಕಾಗದ ಬರುವವರೆಗೆ ಕಾಯುತ್ತೇನೆ ಎಂದಿದ್ದ. ಅತ್ತಿಗೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಒಂದು ದಿನ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತ ನನಗೆ ಮಾತ್ರ ಹೇಳಿದಳು. “ಸತ್ರು ಅಂತ ಗೊತ್ತಾದ್ರೆ ಒಂದ್ಸಲ ಸರಿಯಾಗಿ ಅಳ್ತಿದ್ದೆ ಮಾರಾಯ್ತಿ. ಇದು ಎಂತದು, ಅಳಕ್ಕೂ ಇಲ್ಲ, ಬಿಡಕ್ಕೂ ಇಲ್ಲ. ಕಾಗದ ಬಂದ ಕೂಡ್ಲೇ ಮೊದ್ಲು ನಂಗೆ ಓದಿ ಹೇಳ್ಬೇಕು ನೀನು.” ಹೇಳುತ್ತೇನೆ ಎಂದೆ.

ಕಾಗದ ಬಂದದ್ದು ಮರುವರ್ಷದ ಮಳೆಗಾಲದಲ್ಲಿ. ನಮ್ಮಲ್ಲಿ ಮಳೆ ಹಿಡಿದ ಮೇಲೇ ಅಲ್ಲಿ ಹಿಮ ಕರಗುವುದಂತೆ. ಅತ್ತಿಗೆ ಗದ್ದೆ ನಟ್ಟಿಗೆ ಹೋಗಿದ್ದಳು. ಮನೆಯಲ್ಲಿ ಅವ್ವ ಮತ್ತು ನಾನು. ರಸ್ತೆ ಕೆಲಸದ ಕಚೇರಿಯಿಂದ ಬಂದ ಆ ಕಾಗದ ಇಂಗ್ಲಿಷಿನಲ್ಲಿತ್ತು. ನಾನು ಆಗ ಎಸ್ಸೆಸ್ಸೆಲ್ಸಿ ಕ್ಲಾಸಿನಲ್ಲಿದ್ದೆ, ಶಾಲೆಯ ಡಿಕ್ಷನರಿ ಮನೆಯಲ್ಲೇ ಇತ್ತು. ಒಂದು ಗಂಟೆ ಕೂತು ಬಿಡಿಸಿಕೊಂಡೆ. ಈ ಬೇಸಿಗೆಯಲ್ಲಿ ಹಿಮದಿಂದ ಮೂರು ದೇಹಗಳು ಹೊರಬಂದಿವೆ. ಎರಡರ ಗುರುತು ಸಿಕ್ಕಿದೆ. ಮೂರನೆಯವನು ಎಳೆಯ ಪ್ರಾಯದವನು, ಎಡಗೈಯ ಕಿರುಬೆರಳು ಅರ್ಧ ಇಲ್ಲ, ಹಳೆಯ ಗಾಯ. ನಿಮ್ಮವನು ಹೌದೇ ತಿಳಿಸಿ. ಉತ್ತರ ಬರುವವರೆಗೆ ಮೇಲಿನ ಹಿಮದಲ್ಲೇ ಇಟ್ಟಿರುತ್ತೇವೆ. ಹೌದಾದರೆ ಸುಡುವುದೋ ಹೂಳುವುದೋ ತಿಳಿಸಿ. ಬೂದಿ ಬೇಕೆಂದರೆ ಕಳಿಸುತ್ತೇವೆ, ರಸ್ತೆಯ ಪಕ್ಕದ ಕಲ್ಲಿನಲ್ಲಿ ಹೆಸರು ಕೆತ್ತಿಸುತ್ತೇವೆ.

ಅಣ್ಣನ ಎಡಗೈಯ ಕಿರುಬೆರಳನ್ನು ಅಣೆಕಟ್ಟಿನ ಕೊರೆಯುವ ಮಿಷನ್ನು ತಿಂದಿತ್ತು. ಅದಕ್ಕೆ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದವಳು ಹೊಸ ಮದುವಣಗಿತ್ತಿ ಅತ್ತಿಗೆ.

ನಾನು ಓದಿ ಹೇಳಿದ್ದನ್ನು ಅವ್ವ ಅಲುಗದೆ ಕೇಳಿದಳು. “ನನ್ಮಗನಿಗೆ ಹತ್ತೂ ಬೆರಳು ಸರಿ ಇದ್ವು ಅಂತ ಬರಿ” ಎಂದಳು.

ನಾನು ಅವಳ ಮುಖ ನೋಡಿದೆ.

“ಬರಿ ಅಂದೆ. ಅವಳು ಹೋದ್ರೆ ನನ್ನ ಎತ್ತೋರು ಯಾರು? ನೀನು ಇಸ್ಕೂಲು ಬಿಡ್ತೀಯಾ?”

ಬರೆದೆ. ರಜೆ ಅರ್ಜಿ ಬರೆಯಲು ಕಲಿಸಿದ ಇಂಗ್ಲಿಷಿನಲ್ಲಿ, ಕಾಪಿ ಬರೆಯುವಾಗಿನ ದುಂಡು ಅಕ್ಷರದಲ್ಲಿ, ನನ್ನ ಅಣ್ಣನಿಗೆ ಹತ್ತೂ ಬೆರಳು ಸರಿಯಾಗಿದ್ದವು ಎಂದು ಬರೆದೆ. ಕೆಳಗೆ ಅವ್ವನ ಹೆಬ್ಬೆಟ್ಟು ಒತ್ತಿಸಿದೆ. ಶಾಲೆಯ ಹೊರಗೆ ನಾನು ಬರೆದ ಮೊದಲ ಇಂಗ್ಲಿಷ್ ಪತ್ರ ಅದು. ಹೇಳಲು ನಾಚಿಕೆ, ಬರೆದು ಮುಗಿಸಿದಾಗ ಒಂದು ತಪ್ಪೂ ಇಲ್ಲವೆಂದು ಹೆಮ್ಮೆಯಾಯಿತು.

ಇಷ್ಟೇ ಆಗಿದ್ದರೆ ಎಲ್ಲವನ್ನೂ ಅವ್ವನ ತಲೆಗೆ ಕಟ್ಟಿ ನಾನು ಪಾರಾಗಬಹುದಿತ್ತು. ಆದರೆ ಮರುದಿನ ಬೆಳಿಗ್ಗೆ ನಾನು ಚೀಲ ಹೆಗಲಿಗೆ ಹಾಕಿಕೊಂಡಾಗ ಅವ್ವ ಹತ್ತಿರ ಕರೆದಳು. ಅತ್ತಿಗೆ ಕೊಟ್ಟಿಗೆಯಲ್ಲಿದ್ದಳು. “ಅದನ್ನ ಹರಿದ್ಹಾಕು” ಎಂದಳು. “ಇದ್ದಿದ್ದು ಇದ್ದಂಗೆ ಬರಿ. ನಂಗೆ ಅವನ ಬೂದಿ ಬೇಕು. ಅವಳ ಪಾಡಿಗೆ ಅವಳು ಹೋಗ್ಲಿ.” ಅವಳ ಕಣ್ಣು ಕೆಂಪಾಗಿತ್ತು.

ನಾನು ಹೂಂ ಎಂದೆ. ಹೊಸನಗರಕ್ಕೆ ನಡೆದ ದಾರಿಯುದ್ದಕ್ಕೂ ಚೀಲದಲ್ಲಿ ಆ ಪತ್ರವಿತ್ತು. ಹರಿಯಲು ಬೇಕಾದಷ್ಟು ಹೊತ್ತೂ ಇತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎಂಟು ತಿಂಗಳಿತ್ತು. ಅತ್ತಿಗೆ ಹೋದರೆ ಮೊದಲ ದಿನವೇ ನನ್ನ ಶಾಲೆ ನಿಲ್ಲುತ್ತದೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಎಂಟೇ ತಿಂಗಳಲ್ಲವೇ, ಆಮೇಲೆ ನಿಜ ಬರೆದರಾಯಿತು ಎಂದುಕೊಂಡೆ. ಪೋಸ್ಟಿನ ಡಬ್ಬಿಗೆ ಹಾಕಿದೆ. ಆ ದಿನ ಕ್ಲಾಸಿನಲ್ಲಿ ಲೆಕ್ಕದ ಟೆಸ್ಟಿತ್ತು, ಚೆನ್ನಾಗಿಯೇ ಬರೆದೆ.

ದೀಪಾವಳಿ ಕಳೆದ ಮೇಲೆ ಎರಡು ಸಾಲಿನ ಉತ್ತರ ಬಂತು. ವಿವರ ಹೊಂದುವುದಿಲ್ಲ. ನಿಮ್ಮವರನ್ನು ಕಾಣೆಯಾದವರ ಪಟ್ಟಿಯಲ್ಲೇ ಇಡಲಾಗಿದೆ. ಈ ಸಲ ಅತ್ತಿಗೆಯೂ ಮನೆಯಲ್ಲಿದ್ದಳು, ಇಬ್ಬರೆದುರೂ ಓದಬೇಕಾಯಿತು. ನಾನು ನಿಜ ಬರೆದಿದ್ದೇನೆಂದೇ ಅವ್ವ ನಂಬಿದ್ದಳು. ಬೆರಳಿನ ಗುರುತು ಹೇಳಿದ ಮೇಲೂ ಅವನಲ್ಲ ಎಂದು ಅವರೇ ಬರೆದಿದ್ದಾರೆಂದರೆ ಅದಕ್ಕೆ ಅವಳ ಪ್ರಕಾರ ಒಂದೇ ಅರ್ಥ. ಮಗ ಬದುಕಿದ್ದಾನೆ. ಅವಳು ಕೂತಲ್ಲೇ ಕೈ ಮುಗಿದು ಅತ್ತಳು, ನಮ್ಮೆದುರು ಮೊದಲನೇ ಸಲ, ಸಂತೋಷಕ್ಕೆ. ಆಮೇಲೆ ಅತ್ತಿಗೆಗೆ ಎಲ್ಲವನ್ನೂ ಹೇಳಿದಳು. “ಬೆರಳಿಲ್ದೋನು ಒಬ್ಬ ಸಿಕ್ಕಿದ್ನಂತೆ. ನಿಂಗೆ ಗಾಬ್ರಿ ಆಗ್ತದೆ ಅಂತ ಹೇಳ್ಲಿಲ್ಲ. ನಾವು ಗುರುತು ಬರ್ದು ಕಳ್ಸಿದ್ವಿ. ಅವನಲ್ಲ ಅಂತ ಬಂತು ನೋಡು.”

ಅತ್ತಿಗೆ ನನ್ನ ಕಡೆ ತಿರುಗಿ, “ಹೌದನಾ?” ಎಂದಳು.

ನಾನು ಹೌದು ಎಂದೆ. ನಿಜ ಹೇಳಲು ನನಗೆ ಸಿಕ್ಕಿದ್ದ ಒಳ್ಳೆಯ ಹೊತ್ತು ಅದೇ.

ಮರುದಿನ ಅವಳು ಬಳೆಗಾರನನ್ನು ಕರೆದು ಎರಡೂ ಕೈಗೆ ತುಂಬ ಹಸಿರು ಬಳೆ ಹಾಕಿಸಿಕೊಂಡಳು. ದೋಣಿಯವನ ಕಡೆಯಿಂದ ಅವಳ ಅಣ್ಣ ಬಂದಾಗ, “ಅವ್ರು ಇದಾರೆ. ಇನ್ನೊಂದ್ಸಲ ಈ ಮಾತು ತಗೊಂಡು ಬರ್ಬೇಡ” ಎಂದು ಅವಳೇ ಹೇಳಿ ಕಳಿಸಿದಳು. ಯಾರೂ ತಡೆಯಲಿಲ್ಲ, ಯಾರೂ ಒತ್ತಾಯಿಸಲಿಲ್ಲ. ದೋಣಿಯವನು ಇನ್ನೂ ಒಂದು ವರ್ಷ ಸುಮ್ಮನಿದ್ದು, ಬೇರೆ ಕಡೆ ಮದುವೆಯಾದ. ನಾನು ಪಾಸಾದೆ. ಸಾಗರದಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತು. ಟ್ರೈನಿಂಗಿನ ಎರಡು ವರ್ಷವೂ ಅವ್ವನನ್ನು ಎತ್ತಿ ಮೀಸಿದವಳು ಅತ್ತಿಗೆಯೇ. ಎಂಟು ತಿಂಗಳಿಗೆ ಬರೆಯುತ್ತೇನೆಂದಿದ್ದ ನಿಜವನ್ನು ನಾನು ಬರೆಯಲಿಲ್ಲ. ಬರೆದರೆ ಮೊದಲಿನದು ಸುಳ್ಳೆಂದು ಒಪ್ಪಬೇಕಿತ್ತು, ಮೇಷ್ಟ್ರಮ್ಮ ಆಗುವವಳಿಗೆ ಅದು ಹೇಗೆ ಸಾಧ್ಯ.

ಅರವತ್ತರ ದಶಕ ಮುಗಿಯುತ್ತ ಬಂದಾಗ ಅವ್ವ ತೀರಿಕೊಂಡಳು. ಕೊನೆಯ ದಿನದವರೆಗೂ ಮಗನಿಗೆಂದು ಒಂದು ಹಿಡಿ ಅಕ್ಕಿ ಹೆಚ್ಚು ಹಾಕಿಸುತ್ತಿದ್ದಳು. ಅವಳ ಬೊಜ್ಜ ಮುಗಿದ ಮರುದಿನ ಮಧ್ಯಾಹ್ನ ನಾನು ಮತ್ತು ಅತ್ತಿಗೆ ಜಗಲಿಯಲ್ಲಿ ಕೂತು, ನೆಂಟರಿಗೆಂದು ತಂದು ಉಳಿದಿದ್ದ ಅಕ್ಕಿಯನ್ನು ಆರಿಸುತ್ತಿದ್ದೆವು. ನನಗೆ ಕೆಲಸದ ಆರ್ಡರು ಬಂದಿತ್ತು. ನೀನೂ ನನ್ನ ಜೊತೆ ಬಾ ಎಂದು ಕರೆಯಲು ಹೊರಟವಳು ಎಲ್ಲವನ್ನೂ ಹೇಳಿಬಿಟ್ಟೆ. ಅವ್ವ ಹರಿಯಲು ಹೇಳಿದ್ದನ್ನೂ, ನಾನು ಹರಿಯದೇ ಇದ್ದದ್ದನ್ನೂ.

ಅವಳು ಮೊರದಿಂದ ಕೈ ತೆಗೆಯದೆ ಕೇಳಿದಳು. ದೋಣಿಯವನ ಮಾತು ತೆಗೆದು ಬೈಯುತ್ತಾಳೆ, ನನ್ನ ಪ್ರಾಯ ತಿಂದೆ ಎನ್ನುತ್ತಾಳೆ ಎಂದು ನಾನು ಕಾದಿದ್ದೆ. ಅದಕ್ಕೆ ಕೊಡುವ ಉತ್ತರವನ್ನು ವರ್ಷಗಳಿಂದ ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡಿದ್ದೆ. ಅವಳು ಆ ಕಡೆ ಹೋಗಲೇ ಇಲ್ಲ.

“ಸುಟ್ರನಾ, ಹೂಳಿದ್ರನಾ?” ಎಂದಳು.

“ಗೊತ್ತಿಲ್ಲ.”

“ಕೇಳ್ಲಿಲ್ಲನಾ ನೀನು?”

“ಇಲ್ಲ.”

“ಕಲ್ಲಲ್ಲಿ ಹೆಸರು?”

“ನಮ್ಮವನಲ್ಲ ಅಂತ ಬರ್ದ ಮೇಲೆ ಹೆಸರು ಎಲ್ಲಿಂದ ಹಾಕ್ತಾರೆ ಅತ್ತಿಗೆ.”

ಅವಳು ಮೊರವನ್ನು ಪಕ್ಕಕ್ಕಿಟ್ಟಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಅಳುವ ಹೊತ್ತನ್ನೂ ನಾನು ಕಳೆದುಬಿಟ್ಟಿದ್ದೆ. ಕೆಲಸದಿಂದ ಅವಳ ಕೈ ಬಡಕಲಾಗಿತ್ತು, ಹಾಗಾಗಿ ಆ ಹಸಿರು ಬಳೆಗಳು ಒಡೆಯದೆ ಒಂದೊಂದಾಗಿ ಜಾರಿ ಬಂದವು. ಎರಡೂ ಕೈಯವನ್ನು ತೆಗೆದು ನನ್ನ ಮಡಿಲಿಗೆ ಹಾಕಿದಳು.

“ತಗೋ” ಎಂದಳು. “ಇವು ನೀನು ಹಾಕ್ಸಿದ್ದು.”